ಕತ್ತರಿ ವರ್ಲಿನ್‌ನ ಲೈಸೆನ್ಸು

ನೋರಾ ಲೇಕ್ ಊರಿನಲ್ಲಿ ವರ್ಲಿನ್ ಟೋಸ್ಟ್ರುಡ್‌ಗೆ ‘ಕತ್ತರಿ’ ಅನ್ನುವ ಅಡ್ಡಹೆಸರು ಬಿದ್ದದ್ದು ಆ ಜನವರಿಯಲ್ಲಿ. ತಪ್ಪು ಪೂರ್ತಿ ಅವನದೇ. ಅದನ್ನು ಎಲ್ಲರಿಗಿಂತ ಮೊದಲು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಬೇರೆಯವರು ಆಡಿಕೊಳ್ಳುವ ಮುಂಚೆ ತಾನೇ ಆಡಿಕೊಂಡುಬಿಟ್ಟರೆ ಉರಿ ಸ್ವಲ್ಪ ಕಡಿಮೆ ಅನ್ನುವುದು ಅವನ ಲೆಕ್ಕ. ಕಡಿಮೆಯೇನೂ ಆಗುತ್ತಿರಲಿಲ್ಲ, ಆ ಮಾತು ಬೇರೆ.

ಇಪ್ಪತ್ತು ವರ್ಷಕ್ಕೂ ಮೇಲೆ ಆಂಬ್ಯುಲೆನ್ಸಿನಲ್ಲಿ ಓಡಾಡಿದವನು. ಅದರ ಹಿಂದಿನ ಚಳಿಗಾಲದಲ್ಲಿ ಹಿಮಗಟ್ಟಿದ ಮೆಟ್ಟಿಲ ಮೇಲೆ ಸ್ಟ್ರೆಚರ್ ಹಿಡಿದುಕೊಂಡೇ ಜಾರಿದ. ಸ್ಟ್ರೆಚರಿನಲ್ಲಿ ಮಲಗಿದ್ದವನಿಗೆ ಕೂದಲೂ ಕೊಂಕಲಿಲ್ಲ, ವರ್ಲಿನ್‌ನ ಸೊಂಟ ಹೋಯಿತು. ಮಲಗಿದ್ದವನು ಎದ್ದು ಬಂದು ಇವನನ್ನು ಸ್ಟ್ರೆಚರ್ ಮೇಲೆ ಮಲಗಿಸಿದ. ಇನ್ನು ಮೇಲೆ ಭಾರ ಎತ್ತುವಂತಿಲ್ಲ ಅಂದರು ಡಾಕ್ಟರು. ಭಾರ ಎತ್ತದ ಆಂಬ್ಯುಲೆನ್ಸ್ ಕೆಲಸ ಎಲ್ಲಿಂದ ತರೋಣ? ಹೆಂಡತಿಯ ತಮ್ಮನಿಗೆ ಹಿಮದ ಮೇಲೆ ಓಡಿಸುವ ಬೈಕುಗಳ ಅಂಗಡಿಯಿತ್ತು. ಕೌಂಟರಿನಲ್ಲಿ ನಿಂತುಕೋ ಅಂದ. ಅವನ ಕೈಕೆಳಗೆ ನಿಲ್ಲುವುದಕ್ಕಿಂತ ಇನ್ನೊಂದು ಸಲ ಮೆಟ್ಟಿಲಿಂದ ಬೀಳುವುದು ವಾಸಿ ಅಂತ ವರ್ಲಿನ್‌ಗೆ ಅನ್ನಿಸಿತ್ತು.

ಅಷ್ಟರಲ್ಲಿ ಆಂಬ್ಯುಲೆನ್ಸಿನವರೇ ಒಂದು ಹೊಸ ಕೆಲಸ ಹುಟ್ಟಿಸಿದರು. ನಮ್ಮ ಕಡೆ ಇದ್ದೊಂದು ಆಸ್ಪತ್ರೆ ಮುಚ್ಚಿ ಹೋಗಿತ್ತು. ಇನ್ನೊಂದಕ್ಕೆ ಹೋಗಬೇಕಾದರೆ ಕೆರೆ ಕೆರೆ ಸುತ್ತಿಕೊಂಡು ಗಂಟೆಗೂ ಮೇಲಿನ ದಾರಿ. ಹೀಗಾಗಿ ವಯಸ್ಸಾದವರ ಮನೆಗೇ ಹೋಗಿ ಬಿಪಿ ನೋಡುವುದು, ಮಾತ್ರೆ ಸರಿಯಾಗಿ ನುಂಗುತ್ತಿದ್ದಾರೋ ವಿಚಾರಿಸುವುದು, ಎಲ್ಲಿ ಎಡವಿ ಬೀಳುತ್ತಾರೋ ನೋಡುವುದು, ಒಟ್ಟಿನಲ್ಲಿ ಆಂಬ್ಯುಲೆನ್ಸ್ ಕರೆಯುವ ಗತಿಯೇ ಬರದ ಹಾಗೆ ನೋಡಿಕೊಳ್ಳುವುದು. ಈ ಕೆಲಸ ಮಾಡುವವನಿಗೆ ಕಮ್ಯುನಿಟಿ ಪ್ಯಾರಾಮೆಡಿಕ್ ಅಂತ ಹೆಸರು. ಅದಕ್ಕೆ ಬೇರೆಯೇ ಲೈಸೆನ್ಸು ಬೇಕು. ಆಂಬ್ಯುಲೆನ್ಸಿನಲ್ಲಿ ದುಡಿದ ಅನುಭವ ಇರಬೇಕು, ಕಾಲೇಜಿಗೆ ಹೋಗಿ ಕೋರ್ಸು ಮುಗಿಸಬೇಕು, ಒಬ್ಬ ಡಾಕ್ಟರು ಮೇಲುಸ್ತುವಾರಿಗೆ ಒಪ್ಪಬೇಕು. ಎಲ್ಲಾ ಆದಮೇಲೆ ಪರೀಕ್ಷಕರ ಕಣ್ಣೆದುರಿಗೆ ಒಂದು ಮನೆಗೆ ಹೋಗಿ ಬಂದು ತೋರಿಸಬೇಕು. ಮನೆಗೆ ಹೋಗಿ ಬರೋದಕ್ಕೂ ಪರೀಕ್ಷೆಯಾ ಅಂತ ವರ್ಲಿನ್ ನಕ್ಕಿದ್ದ. ಆಮೇಲೆ ಆ ಪರೀಕ್ಷೆಯಲ್ಲೇ ಫೇಲಾದ.

ಫೇಲಾದದ್ದಾದರೂ ಹೇಗೆ! ಎಲ್ರಾಯ್ ಅನ್ನುವ ಮುದುಕನ ಮನೆ. ವರ್ಲಿನ್ ಗಾಡಿಯನ್ನು ಅಂಗಳದ ಹಿಮದ ಮೇಲೇ ಹತ್ತಿಸಿ ನಿಲ್ಲಿಸಿದ, ಬಾಗಿಲು ತಟ್ಟಿದ. ಉತ್ತರವಿಲ್ಲ. ಇಪ್ಪತ್ತು ವರ್ಷದ ಚಾಳಿ ಸುಮ್ಮನಿರುತ್ತದೆಯೇ? ಒಳಗೆ ನುಗ್ಗಿದ. ಎಲ್ರಾಯ್ ಕುರ್ಚಿಯಲ್ಲಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಅಲ್ಲಾಡದೆ ಬಿದ್ದಿದ್ದ. ಕಣ್ಣು ಮಿಟುಕಿಸುವುದರೊಳಗೆ ಮುದುಕ ನೆಲದ ಮೇಲೆ, ವರ್ಲಿನ್‌ನ ಕೈಯಲ್ಲಿ ಕತ್ತರಿ, ಎದೆ ಒತ್ತಿ ಬದುಕಿಸಲೆಂದು ಮುದುಕನ ಉಣ್ಣೆ ಅಂಗಿ ಕೊರಳಿನಿಂದ ಕೆಳಗಿನವರೆಗೆ ಎರಡು ಹೋಳು. ಎಲ್ರಾಯ್ ಕಣ್ಣು ಬಿಟ್ಟು, “ಊಟಕ್ಕೆ ಹೊತ್ತಾಯ್ತಾ?” ಅಂದ. ಕಿವಿಯ ಮೆಷಿನ್ ಅವನ ಜೇಬಿನಲ್ಲಿತ್ತು. ತೆರೆದ ಬಾಗಿಲಿಂದ ಜನವರಿಯ ಗಾಳಿ ಒಳಗೆ ನುಗ್ಗುತ್ತಿತ್ತು. ವರ್ಲಿನ್ ಆಗಲೇ ಆಂಬ್ಯುಲೆನ್ಸಿಗೂ ಹೇಳಿಬಿಟ್ಟಿದ್ದ.

ಪರೀಕ್ಷಕಿ ಪಾ ಕೂ ಲೋರ್, ರಾಜ್ಯದ ರಾಜಧಾನಿಯಿಂದ ಬಂದವರು, ದೂರದ ಬೆಟ್ಟನಾಡಿನಿಂದ ಈ ದೇಶಕ್ಕೆ ವಲಸೆ ಬಂದ ಮೋಂಗ್ ಜನದವರು, ಗಿಡ್ಡಗೆ, ಸಣ್ಣ ದನಿ. ಅವರು ಬಾಗಿಲು ಮುಚ್ಚಿ ಬಂದು ಮೆಲ್ಲಗೆ ಹೇಳಿದರು: “ಟೋಸ್ಟ್ರುಡ್ ಅವರೇ, ನಾವು ಕಲಿಸಿದ್ದು ಮನೆಗೆ ಹೋಗೋದನ್ನ. ನೀವು ಮನೆಗೆ ದಾಳಿ ಇಟ್ರಿ.”

ಅಷ್ಟು ಸಾಕಾಯಿತು. ಎಲ್ರಾಯ್ ಆ ಹರಿದ ಅಂಗಿ ತೊಟ್ಟುಕೊಂಡೇ ಪೇಟೆಗೆಲ್ಲ ಹೋಗಿ ಬಂದ. ವರ್ಲಿನ್ ಎದುರು ಬಂದರೆ ಜನ ಅಂಗಿಯ ಗುಂಡಿ ಬಿಚ್ಚಿಕೊಂಡು, “ತಗೋಪ್ಪಾ, ನಾನೇ ಬಿಚ್ಕೊಡ್ತೀನಿ” ಅನ್ನತೊಡಗಿದರು. ಮನೆಯಲ್ಲಿ ಜೋಲೀನ್, ಅವನ ಹೆಂಡತಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಇನ್ನೊಂದ್ಸಲ ಫೇಲಾದ್ರೆ?”

“ಕೋರ್ಸೆಲ್ಲ ಮೊದಲಿಂದ. ಅಲ್ಲೀವರೆಗೂ ಈ ಕೆಲಸ ಕಾಯ್ಕೊಂಡು ಕೂತಿರಲ್ಲ. ಬೇರೆಯವ್ರಿಗೆ ಕೊಡ್ತಾರೆ.”

“ಅಂದ್ರೆ ನನ್ನ ತಮ್ಮನ ಅಂಗಡಿ.”

“ಹೆದರಿಸ್ಬೇಡ ಕಣೇ.”

“ಹಾಗಾದ್ರೆ ಸುಮ್ನೆ ಹೋಗಿ, ಸುಮ್ನೆ ಕೂತು, ಸುಮ್ನೆ ಎದ್ದು ಬಾ. ಕತ್ತರಿ ಮುಟ್ಬೇಡ. ಆಂಬ್ಯುಲೆನ್ಸ್ ಅನ್ನೋ ಪದಾನೇ ಬಾಯಲ್ಲಿ ಬರಬಾರದು!” ಜೋಲೀನ್ ಇಷ್ಟನ್ನು ಗಂಡನಿಗೆ ಮಾತ್ರ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಎಲ್ಲರೆದುರಿಗೂ ಹೇಳಿದಳು. ಈ ಸಲ ಆಂಬ್ಯುಲೆನ್ಸ್ ಕರೆಸದೆ ಬಂದರೆ ನನ್ನ ಗಂಡ ಗೆದ್ದ ಹಾಗೆ ಅಂದಳು. ಅದನ್ನು ಕೇಳಿಸಿಕೊಂಡವರಲ್ಲಿ ಆರ್ಡಿಸ್ ಕ್ವಾಮಿ ಇದ್ದರು. ಎರಡನೇ ಪರೀಕ್ಷೆ ಅವರ ಮನೆಯಲ್ಲೇ ಅಂತ ನಿಗದಿಯಾಗಿತ್ತು.

ಮಿಸೆಸ್ ಕ್ವಾಮಿ ಒಂದು ಕಾಲದಲ್ಲಿ ನಮ್ಮೂರ ಸ್ಕೂಲ್ ಬಸ್ಸು ಓಡಿಸುತ್ತಿದ್ದವರು. ವರ್ಲಿನ್ ಬಸ್ಸಿನಲ್ಲಿ ವಾಂತಿ ಮಾಡಿಕೊಂಡದ್ದನ್ನೂ, ಹುಡುಗಿಯ ಜಡೆ ಎಳೆದು ಪೆಟ್ಟು ತಿಂದದ್ದನ್ನೂ ಕನ್ನಡಿಯಲ್ಲಿ ನೋಡಿದವರು. ಎಂಬತ್ತು ದಾಟಿತ್ತು. ಗಂಡ ಆರಿನ್ ತೀರಿಕೊಂಡ ಮೇಲೆ ಒಬ್ಬರೇ ಇದ್ದರು.

ಇಲ್ಲಿ ನಮ್ಮ ಜನದ ಒಂದು ರೋಗದ ವಿಷಯ ಹೇಳಲೇಬೇಕು. ನಮ್ಮಲ್ಲಿ ಹೇಗಿದ್ದೀರಿ ಅಂತ ಕೇಳಿದರೆ ‘ಪರವಾಗಿಲ್ಲ’ ಅಂತ ಒಂದೇ ಉತ್ತರ. ಮಗಳ ಮದುವೆಯಾದ ಖುಷಿಗೂ ಪರವಾಗಿಲ್ಲ, ಕಟಾವಿನ ಯಂತ್ರಕ್ಕೆ ಕೈ ಸಿಕ್ಕಿಕೊಂಡರೂ ಪರವಾಗಿಲ್ಲ. ಹಾಗೆ ಕೈ ಸಿಕ್ಕಿಕೊಂಡವನೊಬ್ಬ ವರ್ಲಿನ್‌ಗೆ, ‘ನಿಮಗೆ ತೊಂದರೆ ಕೊಟ್ಟೆ, ಊಟ ಆಗಿತ್ತೋ ಇಲ್ವೋ’ ಅಂತ ಉಪಚಾರದ ಮಾತಾಡಿದ್ದ. ಕಾಫಿ ಕೊಡುತ್ತೇನೆಂದರೆ ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲಕ್ಕೆ ‘ಕುದಿಸಿಟ್ಟಿದ್ದರೆ ಒಂದರ್ಧ ಲೋಟ’ ಅನ್ನಬೇಕು. ಮೊದಲ ಸಲಕ್ಕೇ ಹೂಂ ಅಂದವನನ್ನು ಹೊಟ್ಟೆಬಾಕ ಅಂತಾರೆ. ಇನ್ನೊಬ್ಬರ ಮನೆಯಲ್ಲಿ ಏನಾದರೂ ಎಡವಟ್ಟು ಕಂಡರೆ ಕಂಡೇ ಇಲ್ಲ ಅನ್ನುವ ಹಾಗೆ ಕೆರೆಯಲ್ಲಿ ಮೀನು ಬೀಳುತ್ತಿದೆಯಾ ಅಂತ ಕೇಳಬೇಕು. ಇಂಥ ಊರಿನಲ್ಲಿ ಮನೆ ಮನೆಗೆ ಹೋಗಿ ನಿಮಗೇನು ತೊಂದರೆ ಅಂತ ಕೇಳುವ ಕೆಲಸಕ್ಕೆ ಲೈಸೆನ್ಸು ಬಯಸಿದ್ದ ವರ್ಲಿನ್. ಅವನೂ ನಮ್ಮವನೇ ಆಗಿದ್ದ, ಕಷ್ಟ ಅದೇ.

ಮಾರ್ಚಿನಲ್ಲಿ ಒಂದು ಬೆಳಗ್ಗೆ ಹೋದ. ಗಾಡಿಯನ್ನು ಬೀದಿಯಲ್ಲೇ ನಿಲ್ಲಿಸಿದ. ಬಾಗಿಲು ತಟ್ಟಿ, ತೆರೆಯುವವರೆಗೂ ಕೈಕಟ್ಟಿಕೊಂಡು ನಿಂತ. ಹಿಂದೆ ಲೋರ್ ನಿಂತಿದ್ದರು. ಕತ್ತರಿಯನ್ನು ಜೋಲೀನ್ ಮನೆಯಲ್ಲೇ ಕಿತ್ತಿಟ್ಟುಕೊಂಡಿದ್ದಳು.

ಬಾಗಿಲು ತೆರೆದ ಮಿಸೆಸ್ ಕ್ವಾಮಿಯನ್ನು ನೋಡಿ ವರ್ಲಿನ್ ದಂಗಾದ. ತಲೆಕೂದಲು ಸುರುಳಿ ಸುರುಳಿಯಾಗಿ ಕೂತಿತ್ತು, ಈಸ್ಟರ್ ಹಬ್ಬಕ್ಕೆ ಹಾಕುವ ನೀಲಿ ಉಡುಪು, ಎದೆಯ ಮೇಲೆ ಬೆಳ್ಳಿಯ ಪಿನ್ನು. ಕಾಲಲ್ಲಿ ಮಾತ್ರ ಆರಿನ್‌ನ ದೊಡ್ಡ ದೊಡ್ಡ ಕಂಬಳಿ ಚಪ್ಪಲಿ. ವರ್ಲಿನ್ ಅದನ್ನು ನೋಡಿದ. ಪಾಪ, ಗಂಡನ ನೆನಪು ಅಂದುಕೊಂಡ. ವಿಧವೆಯ ಕಾಲಲ್ಲಿ ಗಂಡನ ಚಪ್ಪಲಿ ಯಾಕೆ ಅಂತ ಕೇಳುವುದುಂಟೇ? ಕಣ್ಣು ಬೇರೆ ಕಡೆ ತಿರುಗಿಸಿದ.

“ಬಾರೋ ವರ್ಲಿನ್. ಅಂಗಿ ಹಳೇದೇ ಹಾಕ್ಕೋಬೇಕಿತ್ತೋ ಏನೋ, ಮರೆತುಬಿಟ್ಟೆ,” ಅಂದರು ಮುದುಕಿ.

“ಹೇಗಿದ್ದೀರಿ, ಮಿಸೆಸ್ ಕ್ವಾಮಿ?”

“ಪರವಾಗಿಲ್ಲ.”

ಒಳಗೆ ಮನೆ ಫಳಫಳ ಹೊಳೆಯುತ್ತಿತ್ತು. ನೆಲದ ಮೇಲೆ ಒಂದು ಚಾಪೆಯಿಲ್ಲ, ಒಂದು ವೈರಿಲ್ಲ, ಒಂದು ಧೂಳಿನ ಕಣವಿಲ್ಲ. ಎಡವಿ ಬೀಳಬೇಕೆಂದರೆ ಹೊರಗಿನಿಂದ ಏನಾದರೂ ತಂದು ಇಟ್ಟುಕೊಳ್ಳಬೇಕಿತ್ತು. ವರ್ಲಿನ್ ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಮನಸ್ಸಿನಲ್ಲೇ ಒಪ್ಪಿಸುತ್ತ ಸುತ್ತಲೂ ನೋಡಿದ, ಹೇಳಲಿಕ್ಕೆ ಒಂದು ದೋಷ ಸಿಗಲಿಲ್ಲ. ಮಾತ್ರೆ ಎಲ್ಲಿ ಅಂತ ಕೇಳಿದರೆ ಒಂದೇ ಒಂದು ಸೀಸೆ ತೋರಿಸಿದರು. ವಿಟಮಿನ್ ಮಾತ್ರೆ. ಲೋರ್ ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ಸುಮ್ನೆ ಕೂತು ಸುಮ್ನೆ ಎದ್ದು ಬಾ ಅಂದಿದ್ದಳಲ್ಲ ಜೋಲೀನ್, ಹಾಗೇ ಆಗುತ್ತಿದೆ ಅಂತ ವರ್ಲಿನ್‌ಗೆ ಒಳಗೊಳಗೇ ಖುಷಿ.

“ಕಾಫಿ ತರ್ತೀನಿ,” ಅಂದರು ಮಿಸೆಸ್ ಕ್ವಾಮಿ.

“ಅಯ್ಯೋ, ಬೇಡ ಬೇಡ.”

“ಮಾಡಿಟ್ಟಿದ್ದೀನಿ ಕಣೋ.”

“ಸುಮ್ನೆ ಯಾಕೆ ನಿಮಗೆ ತೊಂದ್ರೆ.” ಅವರು ಮೂರನೇ ಸಲ ಕೇಳುವ ಮುಂಚೆ ವರ್ಲಿನ್ ಎದ್ದು ಬಚ್ಚಲುಮನೆ ನೋಡಲು ಹೋದ. ಅಲ್ಲಿ ಹಿಡಿದುಕೊಳ್ಳಲು ಸರಳು ಇದೆಯಾ, ಟಬ್ ಜಾರುತ್ತದೆಯಾ ಅಂತ ನೋಡಬೇಕು. “ಬಚ್ಚಲು ಚೆನ್ನಾಗೇ ಇದೆ, ಅಲ್ಲೇನು ನೋಡ್ತೀಯ!” ಅಂತ ಹಿಂದಿನಿಂದ ಮುದುಕಿ ಕೂಗಿದರು. ಅಷ್ಟರಲ್ಲಿ ಅವನು ಟಬ್ಬಿನ ಪರದೆ ಸರಿಸಿಯಾಗಿತ್ತು.

ಇಡೀ ಮನೆ ಆ ಟಬ್ಬಿನಲ್ಲಿತ್ತು. ಸುರುಳಿ ಸುತ್ತಿದ ಚಾಪೆಗಳು, ಕಾಲಿಗೆ ತೊಡರುವ ವೈರುಗಳು, ಹಳೇ ಪೇಪರಿನ ಕಟ್ಟು, ಬಿಸ್ಕತ್ತಿನ ಡಬ್ಬಿಯ ತುಂಬ ಮಾತ್ರೆ ಸೀಸೆಗಳು, ಮುರಿದ ಕಾಲಿನ ಸ್ಟೂಲು. ಎಲ್ಲದರ ಮೇಲೆ ಒಂದು ಹೊದಿಕೆ, ಮೂರು ದಿಂಬು. ಅಂದರೆ ಮನೆ ತನಿಖೆಗೆ ಬರುತ್ತಾರೆ, ಹುಡುಗನಿಗೆ ಒಳ್ಳೆ ಅಂಕ ಬರಲಿ ಅಂತ ಮುದುಕಿ ಮನೆಯ ದೋಷಗಳನ್ನೆಲ್ಲ ಹೊತ್ತು ತಂದು ಇಲ್ಲಿ ಸುರಿದಿದ್ದರು. ದೋಷ ಹುಡುಕುವುದೇ ಪರೀಕ್ಷೆ ಅಂತ ಅವರಿಗೆ ಯಾರು ಹೇಳಬೇಕಿತ್ತು? ವರ್ಲಿನ್‌ಗೆ ನಗು ಉಕ್ಕಿಬಂತು. ಆಮೇಲೆ ದಿಂಬುಗಳ ಮೇಲೆ ಕಣ್ಣು ನಿಂತಿತು. ಹೊದಿಕೆ, ಮೂರು ದಿಂಬು. ಹಾಸಿಗೆಯದಾಗಿದ್ದರೆ ಬಚ್ಚಿಡುವುದೇಕೆ, ಇವು ನಡುಮನೆಯ ಆರಾಮಕುರ್ಚಿಯಿಂದ ತಂದದ್ದು. ಈಕೆ ಕೂತೇ ನಿದ್ದೆ ಮಾಡುತ್ತಿದ್ದಾರೆ. ಮಲಗಿದರೆ ಉಸಿರು ಸಿಗುತ್ತಿಲ್ಲ.

“ಎಲ್ಲಾ ಸರಿಯಿದೆಯಾ?” ಬಾಗಿಲ ಬಳಿ ಲೋರ್ ಕೇಳಿದರು.

ವರ್ಲಿನ್ ಪರದೆ ಎಳೆದು ಮುಚ್ಚಿದ. “ಎಲ್ಲಾ ಸರಿಯಿದೆ,” ಅಂದ.

ಯಾಕೆ ಹಾಗಂದೆ ಅಂತ ಅವನು ಆಮೇಲೆ ತನಗೇ ಎಷ್ಟೋ ಸಲ ಉಗಿದುಕೊಂಡಿದ್ದಾನೆ. ಮುದುಕಿಯ ಮಾನ ಕಾಯಲಿಕ್ಕೆ ಅಂದುಕೊಂಡ ಮೊದಲು. ಅದು ಅರ್ಧ ನಿಜ. ಇನ್ನರ್ಧ, ಲೈಸೆನ್ಸು ಕೈಗೆ ಬಂದಂತಿತ್ತು, ಬಾಯಿ ತೆರೆದರೆ ಮತ್ತೆ ಆಂಬ್ಯುಲೆನ್ಸು, ಮತ್ತೆ ಕತ್ತರಿ ವರ್ಲಿನ್, ಮತ್ತೆ ಬಾಮೈದನ ಅಂಗಡಿ. ನಾಳೆ ಒಬ್ಬನೇ ಬಂದು ನೋಡಿದರಾಯಿತು ಅಂತ ಅವನ ಮನಸ್ಸು ಎಷ್ಟು ನಯವಾಗಿ ಹೇಳಿತೆಂದರೆ, ಅಂಥ ನಯವಾದ ದನಿ ತನ್ನೊಳಗೆ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಹೊರಗೆ ಬಂದ. ಮಿಸೆಸ್ ಕ್ವಾಮಿ ಕಾಫಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದರು. ನಡುದಾರಿಯಲ್ಲಿ ನಿಂತರು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಕುರ್ಚಿಯ ಬೆನ್ನು ಹಿಡಿದು, ಕಿಟಕಿಯಾಚೆ ಏನೋ ನೋಡುವವರ ಹಾಗೆ ನಟಿಸಿದರು. ಕಿಟಕಿಯಾಚೆ ಹಿಮ ಬಿಟ್ಟರೆ ಏನೂ ಇರಲಿಲ್ಲ. ಅವರ ಭುಜ ಏರಿಳಿಯುತ್ತಿತ್ತು. ತುಟಿಯ ಬಣ್ಣ ಚೆನ್ನಾಗಿರಲಿಲ್ಲ. ಆರಿನ್‌ನ ಚಪ್ಪಲಿ ಅಷ್ಟು ದೊಡ್ಡದಾಗಿದ್ದರೂ ಕಾಲಿಗೆ ಬಿಗಿಯಾಗಿ ಕೂತಿತ್ತು.

ನೆನಪಂತೆ ನೆನಪು! ವರ್ಲಿನ್‌ಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳೋಣ ಅನ್ನಿಸಿತು.

“ಕೂತ್ಕೊಳ್ಳಿ, ಮಿಸೆಸ್ ಕ್ವಾಮಿ. ಚಪ್ಪಲಿ ಬಿಚ್ಚಿ.”

“ಮೀನು ಬೀಳ್ತಿದೆಯೇನೋ ಕೆರೇಲಿ?” ಅಂದರು ಅವರು, ಅವನ ಮುಖ ನೋಡದೆ.

“ಮೀನು ಹಾಳಾಗ್ಹೋಗ್ಲಿ. ಬಿಚ್ಚಿ ಅಂದೆ.”

ಅವನೇ ಸೊಂಟ ಹಿಡಿದುಕೊಂಡು ನೆಲದ ಮೇಲೆ ಕೂತು ಚಪ್ಪಲಿ ಎಳೆದ. ಕಾಲು ಬಾತುಕೊಂಡು, ಬೆರಳಿಟ್ಟರೆ ಗುಂಡಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಬೆನ್ನಿಗೆ ಸ್ಟೆಥೋಸ್ಕೋಪ್ ಇಟ್ಟ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿದ. ಎರಡೂ ಕೆಟ್ಟ ಸುದ್ದಿಯನ್ನೇ ಹೇಳಿದವು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ವರ್ಲಿನ್ ಫೋನು ತೆಗೆದ.

ಮುದುಕಿ ಅವನ ಮಣಿಕಟ್ಟು ಹಿಡಿದರು. “ಬೇಡ ಕಣೋ. ಆಂಬ್ಯುಲೆನ್ಸ್ ಕರೆದ್ರೆ ನಿನ್ನ ಲೈಸೆನ್ಸ್ ಹೋಗುತ್ತೆ. ಜೋಲೀನ್ ಹೇಳಿದ್ದಾಳೆ. ಇವರು ಹೋಗ್ಲಿ, ಆಮೇಲೆ ನೋಡೋಣ. ಒಂದು ತಿಂಗಳಿಂದ ತಡ್ಕೊಂಡಿದ್ದೀನಿ, ಇನ್ನೊಂದು ಗಂಟೆ ತಡ್ಕೊಳ್ಳಲ್ವಾ?”

“ಯಾರಾದ್ರೂ ಸಾಯ್ತಾ ಕೂತು ನನಗೆ ಲೈಸೆನ್ಸ್ ಕೊಡಿಸ್ತಾರಾ?” ವರ್ಲಿನ್ ಕಿರುಚಿದ. ಬಸ್ಸಿನಲ್ಲಿ ತನ್ನ ವಾಂತಿ ಒರೆಸಿದವರ ಮೇಲೆ ಅವನು ಹೀಗೆ ಎಂದೂ ದನಿಯೆತ್ತಿರಲಿಲ್ಲ. “ನಿಮಗೆ ತಲೆ ಕೆಟ್ಟಿದೆಯಾ? ಟಬ್ಬಲ್ಲಿ ಎಲ್ಲಾ ನೋಡ್ದೆ ನಾನು! ನೋಡಿ ಪರದೆ ಮುಚ್ಚಿ ಬಂದೆ! ನಿಮಗಿಂತ ದೊಡ್ಡ ಮುಠ್ಠಾಳ ನಾನು!”

“ಪರವಾಗಿಲ್ಲ ಕಣೋ,” ಅಂದರು ಮಿಸೆಸ್ ಕ್ವಾಮಿ. ಹಾಗಂದು ಅಳತೊಡಗಿದರು. ಅಳುವುದಕ್ಕೂ ಅವರಿಗೆ ಉಸಿರು ಸಾಲುತ್ತಿರಲಿಲ್ಲ.

ವರ್ಲಿನ್ ಡಾಕ್ಟರಿಗೆ ಫೋನು ಮಾಡಿದ, ಈಗಲೇ ಕಳಿಸು ಅಂದರು. ಆಂಬ್ಯುಲೆನ್ಸ್ ಬರುವವರೆಗೂ ಮುದುಕಿಯನ್ನು ನೆಟ್ಟಗೆ ಕೂರಿಸಿಕೊಂಡು, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿ, ಕೈ ಹಿಡಿದುಕೊಂಡಿದ್ದ. ತನ್ನನ್ನು ಎತ್ತಿ ಗಾಡಿಯೊಳಗಿಡುವಾಗ ಮುದುಕಿ ಅವನ ಹಳೇ ಜೊತೆಗಾರರಿಗೆ ಹೇಳಿದ್ದು ಒಂದೇ ಮಾತು: “ಕಾಫಿ ಆರಿಹೋಗುತ್ತೆ, ಯಾರಾದ್ರೂ ಕುಡಿದುಬಿಡಿ.”

ಗಾಡಿ ಹೋದಮೇಲೆ ಮನೆಯೊಳಗೆ ವರ್ಲಿನ್ ಮತ್ತು ಲೋರ್ ಇಬ್ಬರೇ ಉಳಿದರು. ಲೋರ್ ಟಬ್ಬಿನ ಪರದೆ ಸರಿಸಿ ನೋಡಿ ಬಂದರು.

“ಯಾವಾಗ ಗೊತ್ತಾಯ್ತು ನಿಮಗೆ?”

“ಚಪ್ಪಲಿ ಬಾಗಿಲಲ್ಲೇ ಕಂಡಿತ್ತು.”

“ಕೇಳ್ಲಿಲ್ಲ ಯಾಕೆ?”

“ಕೇಳಿದ್ರೆ ಚೆನ್ನಾಗಿರ್ತಿರ್ಲಿಲ್ಲ, ಮೇಡಂ.” ಹೇಳುತ್ತಿದ್ದಂತೆ ಅದೆಷ್ಟು ಪೆದ್ದು ಮಾತು ಅಂತ ಅವನಿಗೇ ಕೇಳಿಸಿತು. “ಫೇಲು ತಾನೇ? ಬರ್ಕೊಳ್ಳಿ. ನಾನೇ ಆಗಿದ್ರೆ ನಾನೂ ಫೇಲು ಮಾಡ್ತಿದ್ದೆ.”

ಲೋರ್ ಆರಿದ ಕಾಫಿಯ ಒಂದು ಲೋಟ ಎತ್ತಿಕೊಂಡು ಕುಡಿದರು. “ನಮ್ಮಜ್ಜಿಯೂ ಹೀಗೇ. ಹೊಟ್ಟೆನೋವು ಅಂತ ಒಂದಿನ ಬಾಯಿ ಬಿಡ್ಲಿಲ್ಲ, ಡಾಕ್ಟ್ರ ಮುಂದೆ ನಗ್ತಾ ಕೂತ್ಕೊಳ್ಳೋರು,” ಅಂದರು. “ಇದು ಫೇಲೂ ಅಲ್ಲ, ಪಾಸೂ ಅಲ್ಲ. ಭೇಟಿ ಮುಗಿಯೋಕೆ ಮುಂಚೆ ರೋಗೀನೇ ಮನೆ ಬಿಟ್ರಲ್ಲ. ಇನ್ನೊಂದ್ಸಲ ಮಾಡ್ಬೇಕು. ಆ ಸಲ ಮಾತ್ರ ಪರದೆ ಮುಚ್ಚಿದ್ರೆ ನಾನು ಸುಮ್ನಿರಲ್ಲ.”

ಸುದ್ದಿ ಹಬ್ಬಿದ್ದೇ ತಡ, ಊರಿನವರೆಲ್ಲ ನಮ್ಮ ಮನೆಗೆ ಬಾ, ನಮ್ಮ ಮನೆಗೆ ಬಾ ಅಂತ ವರ್ಲಿನ್‌ಗೆ ದುಂಬಾಲು ಬಿದ್ದರು. ಎಲ್ರಾಯ್ ಕೂಡ, ಇನ್ನೊಂದು ಅಂಗಿ ಹೋದರೆ ಹೋಗಲಿ ಅಂದ. ಆದರೆ ಆಸ್ಪತ್ರೆಯಿಂದ ಮಿಸೆಸ್ ಕ್ವಾಮಿ ಫೋನು ಮಾಡಿ, ಬೇರೆಯವರ ಮನೆ ಮೆಟ್ಟಿಲು ಹತ್ತಿದರೆ ಕಾಲು ಮುರೀತೀನಿ ಅಂದರು.

ಏಪ್ರಿಲಿನಲ್ಲಿ ಕೆರೆಯ ಹಿಮಗಡ್ಡೆ ಒಡೆಯುವ ಹೊತ್ತಿಗೆ ಅವರು ಮನೆಗೆ ಬಂದಿದ್ದರು. ವರ್ಲಿನ್ ಬಾಗಿಲು ತಟ್ಟಿದ. ಹಿಂದೆ ಲೋರ್. ಬಾಗಿಲು ತೆರೆಯಿತು. ಮಿಸೆಸ್ ಕ್ವಾಮಿ ಮಾಸಿದ ಮನೆಯಂಗಿಯಲ್ಲಿ, ತಲೆ ಬಾಚದೆ, ಬರಿಗಾಲಲ್ಲಿ ನಿಂತಿದ್ದರು. ಕಾಲಿನ ಬಾವು ಇಳಿದಿತ್ತು, ಪೂರ್ತಿ ಇಳಿದಿರಲಿಲ್ಲ. ಅವರು ಉಡುಪಿನ ಅಂಚು ಸ್ವಲ್ಪ ಎತ್ತಿ ಹಿಡಿದು ತೋರಿಸಿದರು. ಮುಖ ಕೆಂಪೇರಿತ್ತು.

“ಒಳಗೆ ಬಾ. ಗುಡಿಸಿಲ್ಲ,” ಅಂದರು. “ಕೈ ತುರಿಸ್ತಿತ್ತು, ಆದ್ರೂ ಗುಡಿಸ್ಲಿಲ್ಲ.”

ಚಾಪೆಗಳು ಅಂಚು ಮಡಚಿಕೊಂಡು ಬಿದ್ದಿದ್ದವು. ವೈರು ನಡುಮನೆಗೆ ಅಡ್ಡಲಾಗಿ ಹಾದುಹೋಗಿತ್ತು. ಮಾತ್ರೆ ಸೀಸೆಗಳು ಬ್ರೆಡ್ಡಿನ ಚೂರುಗಳ ನಡುವೆ ಮೇಜಿನ ಮೇಲೆ ಹರಡಿದ್ದವು. ಆರಾಮಕುರ್ಚಿಯಲ್ಲಿ ಹೊದಿಕೆಯೂ ದಿಂಬುಗಳೂ ರಾತ್ರಿ ಇದ್ದ ಹಾಗೇ ಇದ್ದವು. ಈ ಊರಿನಲ್ಲಿ ಒಬ್ಬ ಹೆಂಗಸು ಪರಸ್ಥಳದವರಿಗೆ ತನ್ನ ಗುಡಿಸದ ಮನೆ ತೋರಿಸುವುದೆಂದರೆ ಏನೆಂದು ವರ್ಲಿನ್‌ಗೆ ಗೊತ್ತಿತ್ತು. ಅವನ ತಾಯಿ ಹೆರಿಗೆನೋವು ಬಂದಾಗಲೂ ನೆಲ ಒರೆಸಿಯೇ ಆಸ್ಪತ್ರೆಗೆ ಹೋಗಿದ್ದವಳು.

“ಕಾಫಿ ಕುಡೀತೀಯಾ?”

“ಹೂಂ, ಕೊಡಿ.”

ಮೊದಲನೇ ಸಲಕ್ಕೇ ಹೂಂ ಅಂದವನನ್ನು ಮುದುಕಿ ಕಣ್ಣರಳಿಸಿ ನೋಡಿದರು. ಮೂರು ಲೋಟ ತಂದರು. ಲೋರ್‌ಗೂ ಒಂದು ಕೊಟ್ಟರು. ವರ್ಲಿನ್ ಕುರ್ಚಿ ಎಳೆದುಕೊಂಡು ಅವರೆದುರು ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತ. ಕಾಲೇಜಿನಲ್ಲಿ ಕಲಿತ ಪಟ್ಟಿ ಪೂರ್ತಿ ಮರೆತುಹೋಗಿತ್ತು.

“ಹೇಗಿದ್ದೀರಿ, ಮಿಸೆಸ್ ಕ್ವಾಮಿ?”

“ಪರವಾ...” ಅಂದವರು ಬಾಯಿ ಮುಚ್ಚಿಕೊಂಡರು. ಗೋಡೆಯ ಮೇಲಿದ್ದ ಆರಿನ್‌ನ ಫೋಟೋ ಕಡೆಗೊಮ್ಮೆ ನೋಡಿದರು, ಲೋರ್ ಕಡೆಗೊಮ್ಮೆ ನೋಡಿದರು. ಲೋಟ ಹಿಡಿದ ಕೈ ಮಡಿಲಿಗೆ ಇಳಿಯಿತು.

“ಚೆನ್ನಾಗಿಲ್ಲ ಕಣೋ,” ಅಂದರು. “ಕತ್ತಲಾದ್ರೆ ಹೆದರಿಕೆಯಾಗುತ್ತೆ. ಆರಿನ್ ಮಲಗಿದೋನು ಏಳ್ಲಿಲ್ಲ. ಅದಕ್ಕೇ ನಾನು ಮಲಗೋದೇ ಇಲ್ಲ, ಲೈಟು ಹಾಕ್ಕೊಂಡು ಕುರ್ಚೀಲೇ ಕೂತಿರ್ತೀನಿ. ಯಾರಿಗೂ ಹೇಳಿಲ್ಲ ಇದನ್ನ.”

ಲೈಸೆನ್ಸು ಆಮೇಲೆ ಬಂತು. ಜೋಲೀನ್ ಅದನ್ನು ಗೋಡೆಗೆ ತಗುಲಿಸಿ ಪಕ್ಕದಲ್ಲೇ ಕತ್ತರಿಯನ್ನೂ ಮೊಳೆಗೆ ಹಾಕಿದಳು. ಆದರೆ ಆ ಬೆಳಗ್ಗೆ ವರ್ಲಿನ್‌ಗೆ ಅದರ ನೆನಪೇ ಇರಲಿಲ್ಲ. ಅವನು ಇಬ್ಬರ ಲೋಟವನ್ನೂ ಕೆಳಗಿಟ್ಟು ಅವರ ಎರಡೂ ಕೈ ಹಿಡಿದುಕೊಂಡ.

“ಹೇಳಿ, ಮಿಸೆಸ್ ಕ್ವಾಮಿ,” ಅಂದ. “ನನಗೇನೂ ಅವಸರ ಇಲ್ಲ.”